ಸಿಲಿಂಡರ್ ಹೆಡ್ ಬಿಚ್ಚುವಿಕೆ (ಜೀಪು)

ಸಿಲಿಂಡರ್ ಹೆಡ್ ಬಿಚ್ಚುವಿಕೆ ಎಂದರೆ ಎಂಜಿನ್ನಿನ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚಿರುವ ಭಾರವಾದ ಎರಕದ ಭಾಗವನ್ನು ಅದರ ಕೆಳಗಿನ ಬ್ಲಾಕಿನಿಂದ ಬೇರ್ಪಡಿಸಿ ಹೊರತೆಗೆಯುವ ದುರಸ್ತಿ ಕಾರ್ಯ. ಹೆಡ್ ಗ್ಯಾಸ್ಕೆಟ್ ಸುಟ್ಟಾಗ, ವಾಲ್ವುಗಳು ಕೆಟ್ಟಾಗ ಅಥವಾ ಹೆಡ್ ಬಿರುಕು ಬಿಟ್ಟಾಗ ಈ ಕೆಲಸ ಅನಿವಾರ್ಯವಾಗುತ್ತದೆ. ಬೋಲ್ಟುಗಳನ್ನೆಲ್ಲ ತೆಗೆದ ಮೇಲೂ ಹೆಡ್ ಅಲುಗಾಡದೆ ಕುಳಿತಿರುವುದು ಹಳೆಯ ಎಂಜಿನ್ನುಗಳಲ್ಲಿ ಸಾಮಾನ್ಯ. ಆ ಹಂತದಲ್ಲಿ ಬಲಪ್ರಯೋಗ ಮಾಡಿದರೆ ಗ್ಯಾಸ್ಕೆಟ್ಟಿನ ಬೆಲೆಯಲ್ಲಿ ಮುಗಿಯಬೇಕಾಗಿದ್ದ ದುರಸ್ತಿ ಹೆಡ್ಡಿನ ಅಥವಾ ಇಡೀ ಬ್ಲಾಕಿನ ಬೆಲೆಗೆ ಏರಬಹುದು.

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಮತ್ತು ಕಳಸ ಭಾಗದ ಕಾಫಿ ತೋಟಗಳಲ್ಲಿ ಹಳೆಯ ಮಹೀಂದ್ರ ಜೀಪುಗಳು ದೀರ್ಘಕಾಲದಿಂದ ಬಳಕೆಯಲ್ಲಿವೆ. ಜಾವಳಿಯಂತಹ ಊರುಗಳಿಂದ ದೊಡ್ಡ ಗ್ಯಾರೇಜುಗಳು ದೂರವಿರುವುದರಿಂದ ಈ ವಾಹನಗಳ ಹಲವು ದುರಸ್ತಿಗಳು ತೋಟದ ಷೆಡ್ಡಿನಲ್ಲಿಯೇ ನಡೆಯುತ್ತವೆ. ಈ ಲೇಖನವು ಮುಖ್ಯವಾಗಿ ಅಂತಹ ಜೀಪುಗಳ ಪೆಟ್ರೋಲ್ ಎಂಜಿನ್ನನ್ನು ಕುರಿತದ್ದು. ಇಲ್ಲಿ ಹೇಳಿರುವ ತತ್ತ್ವಗಳು ಬಹುಪಾಲು ಇತರ ಕಾರುಗಳಿಗೂ ಅನ್ವಯಿಸುತ್ತವೆ.

ಪ್ರಾದೇಶಿಕ ಹಿನ್ನೆಲೆ

ಜಾವಳಿಯು ಮೂಡಿಗೆರೆ ತಾಲ್ಲೂಕಿನ ಒಂದು ಗ್ರಾಮ. ಹೇಮಾವತಿ ನದಿಯ ಉಗಮಸ್ಥಾನವೆಂದು ಇದು ಪ್ರಸಿದ್ಧ. ಬಲ್ಲಾಳರಾಯನದುರ್ಗದ ಬೆಟ್ಟಸಾಲು, ಚಾರ್ಮಾಡಿ ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರ ಮತ್ತು ಭದ್ರಾ ನದಿಯ ದಂಡೆಯ ಕಳಸ ಇವೆಲ್ಲ ಇದೇ ಮಲೆನಾಡಿನ ಭಾಗಗಳು. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆ ಮತ್ತು ಆ ಕಾಲದ ಬಿಡುವಿಲ್ಲದ ತೇವ ಕಬ್ಬಿಣದ ಶತ್ರುಗಳು. ಮಳೆಗಾಲವಿಡೀ ಷೆಡ್ಡಿನಲ್ಲಿ ನಿಂತ ಜೀಪಿನ ಬೋಲ್ಟು, ಸ್ಟಡ್ಡುಗಳಿಗೆ ತುಕ್ಕು ಹಿಡಿಯುತ್ತದೆ. ವಾಹನ ಓಡುತ್ತಿದ್ದರೆ ಎಂಜಿನ್ನಿನ ಬಿಸಿಗೆ ತೇವ ಆರುತ್ತದೆ, ನಿಂತರೆ ಆರುವುದಿಲ್ಲ.

ಕಾಫಿ ಕೊಯ್ಲಿನ ಕಾಲದಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧ. ಅರಬಿಕಾ ಹಣ್ಣಿನ ಕೊಯ್ಲು ನವೆಂಬರ್ ಸುಮಾರಿಗೆ ಆರಂಭವಾದರೆ ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ ಫೆಬ್ರವರಿ, ಮಾರ್ಚ್ ಆಗಿರುತ್ತದೆ. ಈ ತಿಂಗಳುಗಳಲ್ಲಿ ಜೀಪಿಗೆ ಬಿಡುವಿಲ್ಲ. ಕಾರ್ಮಿಕರನ್ನು ಕರೆತರುವುದು, ಹಣ್ಣಿನ ಚೀಲಗಳನ್ನು ಪಲ್ಪರ್ ಮನೆಗೆ ಮತ್ತು ಕಣಕ್ಕೆ ಸಾಗಿಸುವುದು, ಒಣಗಿದ ಕಾಫಿಯನ್ನು ಪೇಟೆಗೆ ಒಯ್ಯುವುದು ಎಲ್ಲವೂ ಅದರದೇ ಪಾಲು. ಭಾರ ಹೊತ್ತು ಮೊದಲನೆಯ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಹೆಚ್ಚು ಶಾಖವನ್ನು ಉತ್ಪಾದಿಸುತ್ತದೆ. ವಾಹನದ ವೇಗ ಕಡಿಮೆಯಿರುವುದರಿಂದ ರೇಡಿಯೇಟರಿಗೆ ಎದುರುಗಾಳಿಯ ನೆರವು ಸಿಗುವುದಿಲ್ಲ. ಎತ್ತರದ ಪ್ರದೇಶದಲ್ಲಿ ನೀರಿನ ಕುದಿಬಿಂದುವೂ ಇಳಿದಿರುತ್ತದೆ. ಸಮುದ್ರಮಟ್ಟದಿಂದ 1,000 ಮೀಟರ್ ಎತ್ತರದಲ್ಲಿ ತೆರೆದ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರು ಹಳತಾಗಿ ಒತ್ತಡ ನಿಲ್ಲದಿದ್ದರೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ.

ಇದಕ್ಕೆ ಇನ್ನೊಂದು ಅಭ್ಯಾಸವೂ ಸೇರುತ್ತದೆ. ದಾರಿಯಲ್ಲಿ ಕುದಿದ ರೇಡಿಯೇಟರಿಗೆ ಹಳ್ಳದ ನೀರು ತುಂಬಿಸಿ ಮುಂದೆ ಸಾಗುವುದು ಘಾಟಿ ರಸ್ತೆಗಳಲ್ಲಿ ಹಳೆಯ ರೂಢಿ. ತುಕ್ಕುನಿರೋಧಕವಿಲ್ಲದ ನೀರು ಎರಕದ ಕಬ್ಬಿಣದ ಒಳಗಿನ ನೀರಿನ ದಾರಿಗಳನ್ನು ತಿನ್ನುತ್ತದೆ. ಹಾಗೆ ಉದುರಿದ ತುಕ್ಕಿನ ಕೆಸರು ರೇಡಿಯೇಟರಿನ ಕೊಳವೆಗಳನ್ನು ಕಟ್ಟಿಹಾಕಿ ಎಂಜಿನ್ ಮತ್ತಷ್ಟು ಬಿಸಿಯಾಗಲು ಕಾರಣವಾಗುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದಂತೂ ಹೆಡ್ ಬಿರುಕು ಬಿಡಲು ನೇರ ಆಹ್ವಾನ.

ಎಂಜಿನ್ನುಗಳು ಮತ್ತು ಹೆಡ್ಡಿನ ರಚನೆ

ಮಹೀಂದ್ರ ಸಂಸ್ಥೆಯು 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಎರಡನೆಯ ಮಹಾಯುದ್ಧದ ಕಾಲದ ಜೀಪಿನಲ್ಲಿದ್ದುದು ನಾಲ್ಕು ಸಿಲಿಂಡರಿನ, ಸುಮಾರು 2.2 ಲೀಟರ್ ಸಾಮರ್ಥ್ಯದ ‘ಗೋ ಡೆವಿಲ್’ ಎಂಜಿನ್. ಇದರಲ್ಲಿ ಒಳಸೇರಿಕೆ ಮತ್ತು ಹೊರಹೋಗುವಿಕೆಯ ವಾಲ್ವುಗಳೆರಡೂ ಬ್ಲಾಕಿನ ಪಕ್ಕದಲ್ಲಿದ್ದವು. ಹೀಗಾಗಿ ಹೆಡ್ ಎಂಬುದು ನೀರಿನ ದಾರಿಗಳಿರುವ ಒಂದು ದಪ್ಪ ಮುಚ್ಚಳ ಮಾತ್ರವಾಗಿತ್ತು.

1953ರಲ್ಲಿ ಬಂದ ಸಿಜೆ-3ಬಿ ಮಾದರಿಯಲ್ಲಿ ‘ಹರಿಕೇನ್’ ಎಂಜಿನ್ ಬಳಕೆಗೆ ಬಂತು. ಇದರ ಸಾಮರ್ಥ್ಯವೂ ಸುಮಾರು 2.2 ಲೀಟರ್. ಆದರೆ ಒಳಸೇರಿಕೆಯ ವಾಲ್ವುಗಳು ಹೆಡ್ಡಿಗೆ ಏರಿದವು, ಹೊರಹೋಗುವಿಕೆಯ ವಾಲ್ವುಗಳು ಬ್ಲಾಕಿನಲ್ಲಿಯೇ ಉಳಿದವು. ಎಂಜಿನ್ನಿನ ಎತ್ತರ ಹೆಚ್ಚಿದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಈ ಜೀಪಿನ ಎತ್ತರದ ಮೂತಿಗೆ ಕಾರಣ ಇದೇ. ಅಮೆರಿಕದಲ್ಲಿ ಈ ಮಾದರಿ ನಿಂತುಹೋದ ಮೇಲೂ ಭಾರತದಲ್ಲಿ ಅದರ ತಯಾರಿಕೆ ದಶಕಗಳ ಕಾಲ ಮುಂದುವರಿಯಿತು.

ಹರಿಕೇನ್ ಎಂಜಿನ್ನಿನ ಎರಡು ವೈಶಿಷ್ಟ್ಯಗಳು ದುರಸ್ತಿ ಮಾಡುವವರಿಗೆ ಮುಖ್ಯ. ಮೊದಲನೆಯದು, ಒಳಸೇರಿಕೆಯ ಮ್ಯಾನಿಫೋಲ್ಡ್ ಬೇರೆ ಭಾಗವಾಗಿರದೆ ಹೆಡ್ಡಿನ ಎರಕದಲ್ಲಿಯೇ ಸೇರಿದೆ. ಕಾರ್ಬ್ಯುರೇಟರ್ ನೇರವಾಗಿ ಹೆಡ್ಡಿನ ಮೇಲೆ ಕೂರುತ್ತದೆ. ಎರಡನೆಯದು, ಹೊಗೆ ಹೋಗುವ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಬ್ಲಾಕಿಗೆ ಜೋಡಿಸಲ್ಪಟ್ಟಿದೆಯೇ ಹೊರತು ಹೆಡ್ಡಿಗಲ್ಲ. ಹೆಚ್ಚಿನ ಕಾರುಗಳಲ್ಲಿ ಹೆಡ್ ಬಿಚ್ಚುವಾಗ ಅತಿ ಹೆಚ್ಚು ಕಾಡುವವು ಸುಟ್ಟು ತುಕ್ಕು ಹಿಡಿದ ಎಗ್ಸಾಸ್ಟ್ ಸ್ಟಡ್ಡುಗಳು. ಈ ಜೀಪಿನಲ್ಲಿ ಅವನ್ನು ಮುಟ್ಟುವ ಅಗತ್ಯವೇ ಇಲ್ಲ.

ಮುಂದಿನ ವರ್ಷಗಳಲ್ಲಿ ಮಹೀಂದ್ರ ಜೀಪುಗಳಿಗೆ ಡೀಸೆಲ್ ಎಂಜಿನ್ನುಗಳು ಬಂದವು. ಪೂಜೋ ವಿನ್ಯಾಸದ 2,112 ಸಿ.ಸಿ. ಸಾಮರ್ಥ್ಯದ ಎಕ್ಸ್‌ಡಿಪಿ 4.90 ಅವುಗಳಲ್ಲಿ ಪ್ರಮುಖವಾದುದು. ಇದರಲ್ಲಿ ವಾಲ್ವುಗಳೆಲ್ಲ ಹೆಡ್ಡಿನಲ್ಲಿಯೇ ಇರುವುದರಿಂದ ಎರಡೂ ಮ್ಯಾನಿಫೋಲ್ಡುಗಳನ್ನು, ಇಂಜೆಕ್ಟರ್ ನಳಿಗೆಗಳನ್ನು ಮತ್ತು ಗ್ಲೋ ಪ್ಲಗ್ಗುಗಳ ತಂತಿಗಳನ್ನು ಬಿಡಿಸಬೇಕಾಗುತ್ತದೆ.

ಬಿಚ್ಚಬೇಕಾದ ಸಂದರ್ಭಗಳು

ಹೆಡ್ ಮತ್ತು ಬ್ಲಾಕಿನ ನಡುವಿನ ಗ್ಯಾಸ್ಕೆಟ್ ಮೂರು ಬಗೆಯ ದಾರಿಗಳನ್ನು ಒಂದರಿಂದೊಂದು ಬೇರ್ಪಡಿಸುತ್ತದೆ. ಅವು ದಹನವಾಗುವ ಅನಿಲ, ತಂಪುಗೊಳಿಸುವ ನೀರು ಮತ್ತು ಎಣ್ಣೆಯ ದಾರಿಗಳು. ಗ್ಯಾಸ್ಕೆಟ್ ಎಲ್ಲಿ ಸುಟ್ಟಿದೆ ಎಂಬುದರ ಮೇಲೆ ರೋಗಲಕ್ಷಣಗಳು ಬದಲಾಗುತ್ತವೆ. ಎಂಜಿನ್ ಓಡುವಾಗ ರೇಡಿಯೇಟರಿನಲ್ಲಿ ನಿರಂತರವಾಗಿ ಗುಳ್ಳೆಗಳು ಏಳುವುದು ಅನಿಲವು ನೀರಿಗೆ ಸೇರುತ್ತಿರುವುದರ ಸೂಚನೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿದೆ. ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿಯ ಆವಿ ಬರುತ್ತಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಮಾತ್ರ ಒತ್ತಡ ಕುಸಿದಿದ್ದರೆ ಅವುಗಳ ನಡುವಿನ ಕಿರಿದಾದ ಪಟ್ಟಿ ಸುಟ್ಟಿರುವ ಸಂಭವ ಹೆಚ್ಚು.

ಮಳೆಗಾಲದ ಬೆಳಗಿನ ಚಳಿಯಲ್ಲಿ ಸೈಲೆನ್ಸರಿನಿಂದ ಬರುವ ಬಿಳಿ ಆವಿ ಮಾತ್ರವೇ ಸಾಕ್ಷಿಯಲ್ಲ. ಎಣ್ಣೆ ತುಂಬುವ ಮುಚ್ಚಳದ ಒಳಮೈಗೆ ಮಾತ್ರ ಅಂಟಿದ ಕೆನೆಯಂತಹ ಪದಾರ್ಥವೂ ಹಾಗೆಯೇ. ಸಣ್ಣ ದೂರ ಓಡಿ ನಿಲ್ಲುವ ವಾಹನಗಳಲ್ಲಿ ತೇವವು ಹೀಗೆ ಸೇರಿಕೊಳ್ಳುತ್ತದೆ.

ಹೆಡ್ ಅಂಟಿಕೊಳ್ಳುವ ಕಾರಣಗಳು

ಬೋಲ್ಟುಗಳನ್ನು ತೆಗೆದ ನಂತರವೂ ಹೆಡ್ ಏಳದಿದ್ದರೆ ಅದನ್ನು ಯಾವುದೋ ಒಂದು ಹಿಡಿದಿದೆ ಎಂದೇ ಅರ್ಥ. ಆ ಹಿಡಿತ ಯಾವುದೆಂದು ಗುರುತಿಸುವುದೇ ಈ ಕೆಲಸದ ಮುಖ್ಯ ಭಾಗ. ಎತ್ತುವುದು ನಂತರದ ಮಾತು.

ಅತಿ ಸಾಮಾನ್ಯವಾದ ಕಾರಣ ತೆಗೆಯದೆ ಉಳಿದ ಒಂದು ಬೋಲ್ಟು. ಎಣ್ಣೆ ಮತ್ತು ದೂಳು ಸೇರಿ ಗಟ್ಟಿಯಾದ ಪದರದ ಕೆಳಗೆ ಬೋಲ್ಟಿನ ತಲೆ ಕಾಣದೆ ಹೋಗಬಹುದು. ಹೆಡ್ಡಿಗೆ ಬಿಗಿದ ಬ್ರಾಕೆಟ್, ಭೂಸಂಪರ್ಕದ ತಂತಿ ಅಥವಾ ನೀರಿನ ಸಣ್ಣ ಹೋಸು ಉಳಿದಿರಬಹುದು. ಎರಡನೆಯ ಕಾರಣ ಗ್ಯಾಸ್ಕೆಟ್ಟೇ. ವರ್ಷಗಟ್ಟಲೆ ಶಾಖ ಮತ್ತು ಒತ್ತಡದಲ್ಲಿದ್ದ ಗ್ಯಾಸ್ಕೆಟ್ ಎರಡೂ ಮೈಗಳಿಗೆ ಬೆಸುಗೆಯಂತೆ ಹತ್ತಿಕೊಳ್ಳುತ್ತದೆ. ಹಿಂದಿನ ದುರಸ್ತಿಯಲ್ಲಿ ಯಾರಾದರೂ ಗ್ಯಾಸ್ಕೆಟ್ಟಿಗೆ ಅಂಟು ಬಳಿದಿದ್ದರೆ ಹಿಡಿತ ಇನ್ನೂ ಬಲವಾಗಿರುತ್ತದೆ.

ಮೂರನೆಯದು ತುಕ್ಕು. ಬೋಲ್ಟುಗಳ ಬದಲು ಬ್ಲಾಕಿನಲ್ಲಿ ನೆಟ್ಟ ಸ್ಟಡ್ಡುಗಳಿರುವ ಎಂಜಿನ್ನುಗಳಲ್ಲಿ ಇದು ದೊಡ್ಡ ತೊಡಕು. ಸ್ಟಡ್ಡಿಗೂ ಹೆಡ್ಡಿನ ರಂಧ್ರಕ್ಕೂ ನಡುವೆ ಇರುವ ಸಣ್ಣ ಸಂದಿಗೆ ನೀರು ಇಳಿದರೆ ಅಲ್ಲಿ ತುಕ್ಕು ಬೆಳೆಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಸಂದಿ ತುಂಬಿ ಬಿಗಿಯುತ್ತದೆ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಉಕ್ಕಿನ ಸ್ಟಡ್ಡುಗಳಿದ್ದರೆ ಎರಡು ಭಿನ್ನ ಲೋಹಗಳ ನಡುವಿನ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಬಿಳಿಯ ಪುಡಿ ಬೆಳೆದು ಇದೇ ಪರಿಣಾಮವನ್ನು ಉಂಟುಮಾಡುತ್ತದೆ.

ಪೂರ್ವಸಿದ್ಧತೆ

ಎಂಜಿನ್ ಪೂರ್ಣವಾಗಿ ತಣಿದಿರಬೇಕು. ಬಿಸಿಯಿರುವಾಗ ಹೆಡ್ ಬಿಚ್ಚಿದರೆ ಅದು ಡೊಂಕಾಗುವ ಅಪಾಯವಿದೆ, ರೇಡಿಯೇಟರ್ ಮುಚ್ಚಳ ತೆಗೆದವರ ಮುಖಕ್ಕೆ ಕುದಿನೀರು ಚಿಮ್ಮುವ ಅಪಾಯವೂ ಇದೆ. ಸಂಜೆ ನಿಲ್ಲಿಸಿದ ಗಾಡಿಯನ್ನು ಮರುದಿನ ಬೆಳಿಗ್ಗೆ ಬಿಚ್ಚುವುದು ಉತ್ತಮ. ಮಲೆನಾಡಿನಲ್ಲಿ ಸಮತಟ್ಟಾದ ಅಂಗಳ ಸುಲಭವಾಗಿ ಸಿಗದಿದ್ದರೂ ಕಾಫಿ ಕಣ ಸಾಮಾನ್ಯವಾಗಿ ಮಟ್ಟಸವಾಗಿರುತ್ತದೆ. ಎಲ್ಲಿಯೇ ನಿಲ್ಲಿಸಿದರೂ ಹ್ಯಾಂಡ್ ಬ್ರೇಕನ್ನು ಮಾತ್ರ ನಂಬದೆ ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು.

ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿದ ಮೇಲೆ ರೇಡಿಯೇಟರ್ ಮತ್ತು ಬ್ಲಾಕಿನಲ್ಲಿರುವ ನೀರನ್ನು ಖಾಲಿಮಾಡಲಾಗುತ್ತದೆ. ರೇಡಿಯೇಟರನ್ನು ಮಾತ್ರ ಖಾಲಿಮಾಡಿದರೆ ಸಾಲದು. ಬ್ಲಾಕಿನಲ್ಲಿ ಉಳಿದ ನೀರು ಹೆಡ್ ಎತ್ತಿದೊಡನೆ ಸಿಲಿಂಡರುಗಳಿಗೆ ಇಳಿದು ಪಿಸ್ಟನ್ ರಿಂಗುಗಳಿಗೆ ತುಕ್ಕು ಹಿಡಿಸುತ್ತದೆ. ಆನಂತರ ಮೇಲಿನ ಹೋಸು, ಕಾರ್ಬ್ಯುರೇಟರ್, ಪ್ಲಗ್ ತಂತಿಗಳು ಮತ್ತು ರಾಕರ್ ಮುಚ್ಚಳವನ್ನು ತೆಗೆಯಲಾಗುತ್ತದೆ. ರಾಕರ್ ದಂಡವನ್ನು ಅದರ ನಟ್ಟುಗಳನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸಿ ಎತ್ತಬೇಕು. ಪುಶ್ ರಾಡುಗಳು ಒಂದೇ ಬಗೆಯವಾಗಿ ಕಂಡರೂ ಪ್ರತಿಯೊಂದೂ ತನ್ನ ಸ್ಥಾನಕ್ಕೆ ತಕ್ಕಂತೆ ಸವೆದಿರುತ್ತದೆ. ರಟ್ಟಿನ ತುಂಡಿಗೆ ತೂತು ಮಾಡಿ, ಸಂಖ್ಯೆ ಬರೆದು, ಅವುಗಳನ್ನು ಸಾಲಾಗಿ ಸಿಕ್ಕಿಸಿಡುವುದು ಗ್ಯಾರೇಜುಗಳಲ್ಲಿ ರೂಢಿಯಲ್ಲಿರುವ ಸರಳ ಉಪಾಯ.

ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿಡಬೇಕು. ಅದು ಸಿಗದ ಕಡೆ ಸೀಮೆಎಣ್ಣೆ ಅಥವಾ ಡೀಸೆಲನ್ನು ಬಳಸುವುದುಂಟು. ಅವು ನಿಧಾನವಾಗಿ ಇಳಿಯುತ್ತವೆ, ಆದ್ದರಿಂದ ಹಲವು ಬಾರಿ ಹಾಕಬೇಕಾಗುತ್ತದೆ. ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ಒಂದೆರಡು ಚುರುಕು ಪೆಟ್ಟು ಕೊಟ್ಟರೆ ಎಳೆಗಳ ನಡುವಿನ ತುಕ್ಕು ಒಡೆದು ಎಣ್ಣೆಗೆ ದಾರಿಯಾಗುತ್ತದೆ.

ಬೋಲ್ಟುಗಳನ್ನು ಸಡಿಲಿಸುವ ಕ್ರಮ

ಹೆಡ್ ಬೋಲ್ಟುಗಳನ್ನು ಬಿಗಿಯುವಾಗ ನಡುವಿನಿಂದ ಆರಂಭಿಸಿ ಎರಡೂ ತುದಿಗಳತ್ತ ಸಾಗುವುದು ನಿಯಮ. ಬಿಚ್ಚುವಾಗ ಇದರ ವಿಲೋಮ, ಅಂದರೆ ತುದಿಗಳಿಂದ ನಡುವಿಗೆ. ಪ್ರತಿ ಬೋಲ್ಟನ್ನು ಮೊದಲು ಕಾಲು ಸುತ್ತು, ಮತ್ತೊಂದು ಸರದಿಯಲ್ಲಿ ಅರ್ಧ ಸುತ್ತು, ಹೀಗೆ ಸಡಿಲಿಸಬೇಕು. ಒಂದು ಕಡೆಯವನ್ನೆಲ್ಲ ಒಮ್ಮೆಗೇ ತೆಗೆದರೆ ಉಳಿದ ಬೋಲ್ಟುಗಳ ಮೇಲೆ ಅಸಮ ಒತ್ತಡ ಬಿದ್ದು ಹೆಡ್ ಬಾಗಬಹುದು.

ಆರು ಮೂಲೆಯ ಸಾಕೆಟ್ ಮತ್ತು ಉದ್ದ ಹಿಡಿಯ ಬಾರ್ ಇಲ್ಲಿ ಸೂಕ್ತ. ಹನ್ನೆರಡು ಮೂಲೆಯ ಸಾಕೆಟ್ ತುಕ್ಕು ತಿಂದ ತಲೆಯ ಮೇಲೆ ಜಾರಿ ಮೂಲೆಗಳನ್ನು ಉರುಟಾಗಿಸುತ್ತದೆ. ತೆರೆದ ಬಾಯಿಯ ಸ್ಪಾನರಿಗೆ ಪೈಪು ತೊಡಿಸಿ ಎಳೆಯುವುದರಿಂದ ಬೋಲ್ಟಿಗಿಂತ ಮೊದಲು ಬೆರಳಿನ ಗಂಟುಗಳು ಒಡೆಯುತ್ತವೆ. ಬೋಲ್ಟು ಬಿಡುವಾಗಿನ ಅನುಭವವನ್ನು ಗಮನಿಸುವುದು ಬಹಳ ಮುಖ್ಯ. ‘ಟಕ್’ ಎಂದೋ ‘ಕಿರ್ರ್’ ಎಂದೋ ಸದ್ದು ಮಾಡಿ ಬಿಟ್ಟರೆ ಅದು ಸರಿಯಾಗಿಯೇ ಬಿಟ್ಟಿದೆ. ಸದ್ದಿಲ್ಲದೆ, ಮೆದುವಾದ ಸ್ಪ್ರಿಂಗಿನಂತೆ ತಿರುಗುತ್ತ ಹೋದರೆ ಎಳೆಗಳು ಹಿಡಿದೇ ಇದ್ದು ಬೋಲ್ಟಿನ ದಂಡ ಮಾತ್ರ ತಿರುಚಿಕೊಳ್ಳುತ್ತಿದೆ. ಆಗ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಬಿಗಿದು, ಮತ್ತೆ ಎಣ್ಣೆ ಹಾಕಿ, ಹಿಂದೆ ಮುಂದೆ ಆಡಿಸುತ್ತ ಬಿಡಿಸಬೇಕು. ಈ ಹಂತದಲ್ಲಿ ಕಳೆಯುವ ಅರ್ಧ ಗಂಟೆ, ಮುರಿದ ಬೋಲ್ಟನ್ನು ಬ್ಲಾಕಿನಿಂದ ತೆಗೆಯುವ ಒಂದೆರಡು ದಿನಗಳನ್ನು ಉಳಿಸುತ್ತದೆ.

ಮರೆಯಲ್ಲಿರುವ ಬೋಲ್ಟು

ಹರಿಕೇನ್ ಎಂಜಿನ್ನಿನ ಒಂದು ಹೆಡ್ ಬೋಲ್ಟು ಹೊರಗಿನಿಂದ ಕಾಣುವುದಿಲ್ಲ. ಅದು ಕಾರ್ಬ್ಯುರೇಟರ್ ಕೂರುವ ಬಾಯಿಯ ನೇರ ಕೆಳಗೆ, ಒಳಸೇರಿಕೆಯ ದಾರಿಯ ಒಳಗಿದೆ. ಕಾರ್ಬ್ಯುರೇಟರನ್ನು ತೆಗೆದು ಆ ರಂಧ್ರದೊಳಗೆ ಟಾರ್ಚು ಬಿಟ್ಟು ನೋಡಿದರೆ ಮಾತ್ರ ತಲೆ ಕಾಣುತ್ತದೆ. ಅದನ್ನು ಮರೆಯಬಾರದೆಂದು ತಯಾರಕರ ದುರಸ್ತಿ ಕೈಪಿಡಿಯೇ ಎಚ್ಚರಿಸುತ್ತದೆ.

ಈ ಎಂಜಿನ್ನಿನ ಹೆಡ್ ‘ಅಂಟಿಕೊಂಡಿದೆ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಈ ಬೋಲ್ಟನ್ನೇ. ಇದು ಬಿಗಿಯಿರುವಾಗ ಹೆಡ್ಡಿನ ಒಂದು ತುದಿಗೆ ಹಾರೆ ಕೊಟ್ಟು ಮೀಟಿದರೆ ನಡುವಿನ ಬೋಲ್ಟನ್ನು ಆಧಾರವಾಗಿಸಿಕೊಂಡು ಇಡೀ ಎರಕ ಬಾಗುತ್ತದೆ. ಎರಕದ ಕಬ್ಬಿಣ ಬಾಗುವ ಲೋಹವಲ್ಲ, ಸೀಳುವ ಲೋಹ. ಮರುಜೋಡಣೆಯಲ್ಲಿಯೂ ಇದೇ ಬೋಲ್ಟು ಮರೆತುಹೋಗುವುದುಂಟು. ಹಾಗಾದಾಗ ಹೊಸ ಗ್ಯಾಸ್ಕೆಟ್ ಕೆಲವೇ ದಿನಗಳಲ್ಲಿ ಮತ್ತೆ ಸುಡುತ್ತದೆ, ದೂಷಣೆ ಗ್ಯಾಸ್ಕೆಟ್ಟಿನ ಮೇಲೆ ಬೀಳುತ್ತದೆ. ಬಿಚ್ಚಿದ ಬೋಲ್ಟುಗಳನ್ನು ಹೆಡ್ಡಿನ ಆಕಾರದಲ್ಲಿ ರಟ್ಟಿನ ಮೇಲೆ ಚುಚ್ಚಿಟ್ಟರೆ ಖಾಲಿ ಉಳಿದ ಜಾಗ ತಾನೇ ಎದ್ದು ಕಾಣುತ್ತದೆ.

ಅಂಟಿಕೊಂಡ ಹೆಡ್ಡನ್ನು ಬಿಡಿಸುವುದು

ಬೋಲ್ಟುಗಳೆಲ್ಲ ಹೊರಬಂದಿವೆ ಎಂದು ಖಚಿತವಾದ ಮೇಲೆ ಮೊದಲ ಉಪಾಯ ಮರದ ದಿಮ್ಮಿ ಮತ್ತು ಸುತ್ತಿಗೆ. ಗಟ್ಟಿ ಮರದ ತುಂಡನ್ನು ಹೆಡ್ಡಿನ ದಪ್ಪವಾದ ಮೂಲೆಗೆ ಆನಿಸಿ ಅದರ ಮೇಲೆ ಹೊಡೆಯಬೇಕು. ಒಂದೇ ಕಡೆ ಜೋರಾಗಿ ಹೊಡೆಯುವ ಬದಲು ನಾಲ್ಕೂ ಮೂಲೆಗಳಲ್ಲಿ ಸರದಿಯಂತೆ ಹಗುರವಾಗಿ ಹೊಡೆದರೆ ಕಂಪನಕ್ಕೆ ಗ್ಯಾಸ್ಕೆಟ್ಟಿನ ಹಿಡಿತ ಬಿಡುತ್ತದೆ. ಪ್ಲಗ್ ಕೂರುವ ಜಾಗ, ನೀರಿನ ಹೊರದಾರಿಯ ತೆಳುವಾದ ಅಂಚು ಮುಂತಾದ ಕಡೆ ಪೆಟ್ಟು ಬೀಳಬಾರದು.

ಸ್ಕ್ರೂಡ್ರೈವರ್ ಅಥವಾ ಉಳಿಯನ್ನು ಹೆಡ್ ಮತ್ತು ಬ್ಲಾಕಿನ ಸಂದಿಗೆ ಹೊಡೆಯುವುದು ಅತ್ಯಂತ ವ್ಯಾಪಕವಾದ ತಪ್ಪು. ಹೆಡ್ ಏಳುವುದೇನೋ ನಿಜ. ಆದರೆ ಉಳಿ ಬಿಟ್ಟ ಗೀರು ಗ್ಯಾಸ್ಕೆಟ್ ಕೂರುವ ಮೈಯಲ್ಲಿ ಉಳಿದು, ಅನಿಲಕ್ಕೋ ನೀರಿಗೋ ಶಾಶ್ವತ ದಾರಿಯಾಗುತ್ತದೆ. ಹೆಡ್ಡಿನ ಗೀರನ್ನು ಲೇತ್ ಅಂಗಡಿಯಲ್ಲಿ ಉಜ್ಜಿಸಿ ಸರಿಪಡಿಸಬಹುದು. ಬ್ಲಾಕಿನ ಗೀರಿಗೆ ಇಡೀ ಎಂಜಿನ್ನನ್ನು ಕೆಳಗಿಳಿಸಬೇಕಾಗುತ್ತದೆ. ಮೀಟಲೇಬೇಕಾದರೆ ಗ್ಯಾಸ್ಕೆಟ್ಟಿನ ಎಲ್ಲೆಯಿಂದ ಹೊರಗೆ ಚಾಚಿಕೊಂಡಿರುವ ಎರಕದ ಕಿವಿಗಳ ಕೆಳಗೆ ಮರದ ಬೆಣೆಗಳನ್ನು ಬಳಸಬೇಕು.

ಸ್ಟಡ್ಡುಗಳ ತುಕ್ಕಿನಿಂದ ಹೆಡ್ ಸಿಕ್ಕಿಕೊಂಡಿದ್ದರೆ ಪ್ರತಿ ಸ್ಟಡ್ಡಿನ ಸುತ್ತ ಎಣ್ಣೆ ತುಂಬಿ ಬಿಡಬೇಕು. ಸಾಧ್ಯವಾದ ಸ್ಟಡ್ಡುಗಳನ್ನು ಮೊದಲೇ ತೆಗೆಯುವುದು ಲೇಸು. ಒಂದರ ಮೇಲೊಂದು ಎರಡು ನಟ್ಟುಗಳನ್ನು ಹಾಕಿ, ಪರಸ್ಪರ ಬಿಗಿದು, ಕೆಳಗಿನ ನಟ್ಟನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಸ್ಟಡ್ ಬ್ಲಾಕಿನಿಂದ ಹೊರಬರುತ್ತದೆ. ಸ್ಟಡ್ಡುಗಳಿರುವ ಹೆಡ್ಡನ್ನು ಸಮಮಟ್ಟದಲ್ಲಿಯೇ ಮೇಲಕ್ಕೆತ್ತಬೇಕು. ಒಂದು ತುದಿ ಮುಂದಾಗಿ ಎದ್ದರೆ ಇನ್ನೊಂದು ತುದಿಯ ರಂಧ್ರಗಳು ಸ್ಟಡ್ಡಿಗೆ ಓರೆಯಾಗಿ ಕಚ್ಚಿಕೊಳ್ಳುತ್ತವೆ.

ಎಂಜಿನ್ನಿನ ಸ್ವಂತ ಒತ್ತಡದಿಂದಲೇ ಹೆಡ್ಡನ್ನು ಬಿಡಿಸುವ ಹಳೆಯ ತಂತ್ರವೊಂದಿದೆ. ಪ್ಲಗ್ಗುಗಳನ್ನು ಮತ್ತೆ ಹಾಕಿ, ಎರಡು ನಟ್ಟುಗಳನ್ನು ಕೆಲವು ಸುತ್ತು ಸಡಿಲವಾಗಿ ಉಳಿಸಿ, ಎಂಜಿನ್ನನ್ನು ತಿರುಗಿಸಿದರೆ ಸಿಲಿಂಡರಿನಲ್ಲಿ ಒತ್ತಲ್ಪಟ್ಟ ಗಾಳಿ ಹೆಡ್ಡನ್ನು ಮೇಲಕ್ಕೆ ತಳ್ಳುತ್ತದೆ. ವಾಲ್ವುಗಳೆರಡೂ ಬ್ಲಾಕಿನಲ್ಲಿರುವ ಗೋ ಡೆವಿಲ್ ಎಂಜಿನ್ನಿನಲ್ಲಿ ಇದು ಫಲಿಸುತ್ತದೆ, ಏಕೆಂದರೆ ಹೆಡ್ ಸಡಿಲವಿದ್ದರೂ ವಾಲ್ವುಗಳು ಎಂದಿನಂತೆ ತೆರೆದು ಮುಚ್ಚುತ್ತವೆ. ಹರಿಕೇನ್ ಎಂಜಿನ್ನಿನಲ್ಲಿ ಇದರಿಂದ ಪ್ರಯೋಜನವಿಲ್ಲ. ರಾಕರ್ ದಂಡವನ್ನು ತೆಗೆದ ಮೇಲೆ ಒಳಸೇರಿಕೆಯ ವಾಲ್ವು ಮುಚ್ಚಿಯೇ ಇರುವುದರಿಂದ ಗಾಳಿ ಒಳಬರುವುದಿಲ್ಲ. ಪಿಸ್ಟನ್ ಇಳಿದಾಗ ಉಂಟಾಗುವ ನಿರ್ವಾತ ಹೆಡ್ಡನ್ನು ಕೆಳಕ್ಕೇ ಎಳೆಯುತ್ತದೆ. ಜೀಪಿನ ಅನುಭವವಿರುವ ಇಬ್ಬರಲ್ಲಿ ಒಬ್ಬರು ಈ ತಂತ್ರವನ್ನು ಹೊಗಳಿ ಇನ್ನೊಬ್ಬರು ತೆಗಳಿದರೆ ಅವರು ಬೇರೆ ಬೇರೆ ಎಂಜಿನ್ನುಗಳ ಮಾತಾಡುತ್ತಿರುವ ಸಾಧ್ಯತೆಯೇ ಹೆಚ್ಚು. ಡೀಸೆಲ್ ಎಂಜಿನ್ನುಗಳಲ್ಲಿಯೂ ಟೈಮಿಂಗ್ ಬೆಲ್ಟ್ ಕಳಚಿದ ಕಾರುಗಳಲ್ಲಿಯೂ ಇದನ್ನು ಪ್ರಯತ್ನಿಸಲೇಬಾರದು. ಮೊದಲನೆಯದರಲ್ಲಿ ಇಂಧನ ಹೊತ್ತಿಕೊಳ್ಳಬಹುದು, ಎರಡನೆಯದರಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿಯಬಹುದು.

ಎತ್ತುವುದು

ಎರಕದ ಕಬ್ಬಿಣದ ಸಾಂದ್ರತೆ ಅಲ್ಯೂಮಿನಿಯಂನ ಎರಡೂವರೆ ಪಟ್ಟಿಗೂ ಹೆಚ್ಚು. 50 ಕಿಲೋಗ್ರಾಮಿನ ಕಾಫಿ ಚೀಲವನ್ನು ಬೆನ್ನ ಮೇಲೆ ಹೊರುವವರಿಗೆ ಜೀಪಿನ ಹೆಡ್ ದೊಡ್ಡ ಭಾರವೆನಿಸುವುದಿಲ್ಲ. ಆದರೆ ಮಡ್‌ಗಾರ್ಡಿನ ಮೇಲೆ ಬಾಗಿ, ಕೈಗಳನ್ನು ಮುಂದೆ ಚಾಚಿ, ಎಣ್ಣೆಯ ಜಿಡ್ಡಿರುವ ವಸ್ತುವನ್ನು ಎತ್ತುವಾಗ ಸೊಂಟದ ಮೇಲೆ ಬೀಳುವ ಒತ್ತಡ ಅದರ ತೂಕದ ಹಲವು ಪಟ್ಟು ಇರುತ್ತದೆ. ಅಂಟಿದ ಹೆಡ್ ಹಠಾತ್ತನೆ ಬಿಟ್ಟಾಗ ಎಳೆಯುತ್ತಿದ್ದವರ ತೋಲ ತಪ್ಪುತ್ತದೆ, ಬೆರಳುಗಳು ಹೆಡ್ಡಿಗೂ ಬ್ಲಾಕಿಗೂ ನಡುವೆ ಸಿಕ್ಕಿಕೊಳ್ಳುತ್ತವೆ. ಇಬ್ಬರು ಎದುರುಬದುರು ನಿಂತು ಎತ್ತುವುದು ಕನಿಷ್ಠ ಎಚ್ಚರಿಕೆ.

ಚೈನ್ ಬ್ಲಾಕ್ ಇದ್ದರೆ ಕೆಲಸ ಸುರಕ್ಷಿತ. ಅದನ್ನು ಮೂರು ಗಟ್ಟಿ ಗಳಗಳ ಮುಕ್ಕಾಲಿಗೋ ಷೆಡ್ಡಿನ ಮುಖ್ಯ ತೊಲೆಗೋ ತೂಗುಹಾಕಬಹುದು. ಹೆಂಚಿನ ಮಾಡಿನ ಪಕಾಸಿಗೆ ಹಾಕಬಾರದು. ತೋಟದ ಸಿಲ್ವರ್ ಓಕ್ ಮರದ ಕೊಂಬೆ ಕೈಗೆ ಸಿಗುವಷ್ಟು ಹತ್ತಿರವಿದ್ದರೂ ಅದು ಬೇಗ ಮುರಿಯುವ ಜಾತಿಯದು, ಭಾರ ಎತ್ತಲು ತಕ್ಕುದಲ್ಲ. ಸರಪಳಿಯನ್ನು ಹೆಡ್ಡಿನ ಎರಡು ತುದಿಗಳ ಬೋಲ್ಟು ರಂಧ್ರಗಳಿಗೆ ಭದ್ರಪಡಿಸಿ, ಸ್ವಲ್ಪ ಮಾತ್ರ ಬಿಗಿಯಾಗುವಂತೆ ಎಳೆದು, ಆಮೇಲೆ ಮರದ ದಿಮ್ಮಿಯಿಂದ ಸುತ್ತಲೂ ತಟ್ಟಬೇಕು. ಎಳೆತ ಮತ್ತು ಕಂಪನ ಎರಡೂ ಸೇರಿದಾಗ ಹೆಡ್ ಬಿಡುತ್ತದೆ. ಚೈನ್ ಎಳೆದಂತೆ ಜೀಪಿನ ಮುಂಭಾಗವೇ ಸ್ಪ್ರಿಂಗುಗಳ ಮೇಲೆ ಏಳತೊಡಗಿದರೆ ತಕ್ಷಣ ಇಳಿಸಿ, ಉಳಿದ ಬೋಲ್ಟನ್ನು ಹುಡುಕುವುದೊಂದೇ ದಾರಿ.

ಮುರಿದ ಬೋಲ್ಟು

ಎಷ್ಟೇ ಎಚ್ಚರವಹಿಸಿದರೂ ಹಳೆಯ ಎಂಜಿನ್ನಿನಲ್ಲಿ ಒಂದಾದರೂ ಬೋಲ್ಟು ಮುರಿಯುವುದು ಅಪರೂಪವಲ್ಲ. ಹೆಡ್ ಎದ್ದ ಮೇಲೆ ಬ್ಲಾಕಿನಿಂದ ತುಂಡು ಹೊರಚಾಚಿಕೊಂಡಿದ್ದರೆ ಅದಕ್ಕೆ ನಟ್ಟೊಂದನ್ನು ವೆಲ್ಡ್ ಮಾಡಿಸಿ ತಿರುಗಿಸಬಹುದು. ವೆಲ್ಡಿಂಗಿನ ಶಾಖವೇ ತುಕ್ಕನ್ನು ಸಡಿಲಿಸುವುದರಿಂದ ಈ ವಿಧಾನ ಹಲವು ಬಾರಿ ಯಶಸ್ವಿಯಾಗುತ್ತದೆ. ಮಟ್ಟಕ್ಕೆ ಸರಿಯಾಗಿ ಅಥವಾ ಒಳಗೆ ಮುರಿದಿದ್ದರೆ ತುಂಡಿನ ಸರಿಯಾದ ನಡುವಿಗೆ ಗುರುತು ಹೊಡೆದು ಡ್ರಿಲ್ ಮಾಡಬೇಕು. ನಡು ತಪ್ಪಿದ ಡ್ರಿಲ್ ಬ್ಲಾಕಿನ ಎಳೆಗಳನ್ನು ತಿನ್ನುತ್ತದೆ. ಕೈ ಪಳಗದವರು ಈ ಹಂತವನ್ನು ಲೇತ್ ಕೆಲಸದವರಿಗೆ ಬಿಡುವುದು ವಿವೇಕ.

ಬಿಚ್ಚಿದ ನಂತರ

ಹಳೆಯ ಗ್ಯಾಸ್ಕೆಟ್ಟನ್ನು ಕೂಡಲೇ ಎಸೆಯಬಾರದು. ಅದರ ಮೇಲಿನ ಕಪ್ಪು ಗೆರೆಗಳು ಅನಿಲ ಎಲ್ಲಿಂದ ಎಲ್ಲಿಗೆ ಸೋರಿತೆಂಬುದರ ನಕ್ಷೆಯಂತಿರುತ್ತವೆ. ಹಳೆಯ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ತಾಮ್ರದ ತಗಡಿನ ನಡುವೆ ಕಲ್ನಾರು ಇರುತ್ತಿತ್ತು. ಅದರ ದೂಳು ಶ್ವಾಸಕೋಶಕ್ಕೆ ಮಾರಕ. ಆದ್ದರಿಂದ ಅಂಟಿದ ಚೂರುಗಳನ್ನು ಒದ್ದೆ ಮಾಡಿಯೇ ಕೆರೆಯಬೇಕು, ಗಾಳಿ ಹೊಡೆದು ಹಾರಿಸಬಾರದು.

ಹೆಡ್ಡಿನ ಮೈ ಮಟ್ಟಸವಾಗಿದೆಯೇ ಎಂಬುದನ್ನು ನೇರ ಅಂಚಿನ ಉಕ್ಕಿನ ಪಟ್ಟಿ ಮತ್ತು ಫೀಲರ್ ಗೇಜಿನಿಂದ ಉದ್ದಕ್ಕೂ ಅಡ್ಡಕ್ಕೂ ಓರೆಗೂ ಪರೀಕ್ಷಿಸಲಾಗುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಡೊಂಕು ಕಣ್ಣಿಗೆ ಕಾಣದಿದ್ದರೂ ಗ್ಯಾಸ್ಕೆಟ್ಟನ್ನು ಕೆಡಿಸಲು ಸಾಕು. ಬೋಲ್ಟು ರಂಧ್ರಗಳಲ್ಲಿ ನಿಂತ ಎಣ್ಣೆ ಅಥವಾ ನೀರನ್ನು ಬಟ್ಟೆಯಿಂದ ಹೀರಿ ತೆಗೆಯಬೇಕು. ತಳ ಮುಚ್ಚಿದ ರಂಧ್ರದಲ್ಲಿ ದ್ರವವಿದ್ದಾಗ ಬೋಲ್ಟು ಬಿಗಿದರೆ ಆ ಒತ್ತಡಕ್ಕೆ ಬ್ಲಾಕ್ ಸೀಳಬಹುದು. ಜೋಡಣೆಯ ವೇಳೆ ಹರಿಕೇನ್ ಎಂಜಿನ್ನಿನ ಹೆಡ್ ಬೋಲ್ಟುಗಳಿಗೆ ಕೈಪಿಡಿ ಸೂಚಿಸುವ ಬಿಗಿತ 60ರಿಂದ 70 ಅಡಿ-ಪೌಂಡ್, ಅಂದರೆ ಸುಮಾರು 81ರಿಂದ 95 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ ಈ ಬಿಗಿತವನ್ನು ಎಲ್ಲ ಬೋಲ್ಟುಗಳಿಗೂ ಸಮನಾಗಿ ಕೊಡುವುದು ಕಷ್ಟ.

ಇತರ ವಾಹನಗಳಲ್ಲಿ

1983ರಲ್ಲಿ ಬಂದ ಮಾರುತಿ 800 ಮತ್ತು 1985ರಲ್ಲಿ ಬಂದ ಜಿಪ್ಸಿ ಮಲೆನಾಡಿನ ಮನೆಗಳಿಗೆ ಅಲ್ಯೂಮಿನಿಯಂ ಹೆಡ್ಡನ್ನು ತಂದವು. ಇವು ಹಗುರವಾಗಿದ್ದು ಒಬ್ಬರೇ ಎತ್ತಬಹುದು. ಆದರೆ ಒಮ್ಮೆ ನೀರಿಲ್ಲದೆ ಓಡಿಸಿದರೂ ಎರಕದ ಕಬ್ಬಿಣಕ್ಕಿಂತ ಬೇಗ ಡೊಂಕಾಗುತ್ತವೆ. ಮೃದು ಲೋಹವಾದ್ದರಿಂದ ಕಬ್ಬಿಣದ ಕೆರೆಯುವ ಸಲಕರಣೆಯ ಗೀರುಗಳೂ ಆಳವಾಗಿ ಬೀಳುತ್ತವೆ. ಇತ್ತೀಚಿನ ಹಲವು ಎಂಜಿನ್ನುಗಳಲ್ಲಿ ಹೆಡ್ ಬೋಲ್ಟುಗಳು ಬಿಗಿಯುವಾಗ ಹಿಗ್ಗುವಂತೆ ವಿನ್ಯಾಸಗೊಂಡಿರುತ್ತವೆ. ಅಂತಹವನ್ನು ಮರುಬಳಕೆ ಮಾಡುವಂತಿಲ್ಲ. ಬಿಡಿಸಿ ತೆಗೆಯಬಹುದಾದ ಸಿಲಿಂಡರ್ ಲೈನರುಗಳಿರುವ ಎಂಜಿನ್ನಿನಲ್ಲಿ ಹೆಡ್ ತೆಗೆದ ಮೇಲೆ, ಲೈನರುಗಳನ್ನು ಹಿಡಿದಿಡದೆ ಎಂಜಿನ್ನನ್ನು ತಿರುಗಿಸಿದರೆ ಅವು ಮೇಲೆದ್ದು ಕೆಳಗಿನ ಸೀಲುಗಳು ಕೆಡುತ್ತವೆ.

ತ್ಯಾಜ್ಯಗಳ ವಿಲೇವಾರಿ

ಎಥಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ಸಿಹಿಯಾಗಿರುವುದರಿಂದ ನಾಯಿ ಮತ್ತು ದನಗಳು ಅದನ್ನು ನೆಕ್ಕುವುದುಂಟು. ಅಲ್ಪ ಪ್ರಮಾಣವೂ ಅವುಗಳ ಮೂತ್ರಪಿಂಡಗಳನ್ನು ಹಾಳುಮಾಡಬಲ್ಲದು. ಖಾಲಿಮಾಡಿದ ಕೂಲೆಂಟನ್ನು ತೆರೆದ ಬೋಗುಣಿಯಲ್ಲಿ ಬಿಡದೆ ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಡಬೇಕು. ಜಾವಳಿಯ ಸುತ್ತಮುತ್ತ ಅಂಗಳದಿಂದ ಹರಿದ ನೀರು ಹಳ್ಳಗಳ ಮೂಲಕ ಹೇಮಾವತಿಯನ್ನು ಸೇರುತ್ತದೆ, ಕಳಸದ ಕಡೆ ಭದ್ರೆಯನ್ನು. ಬಳಸಿದ ಎಂಜಿನ್ ಎಣ್ಣೆ, ತೊಳೆದ ಡೀಸೆಲ್ ಮತ್ತು ಕೂಲೆಂಟನ್ನು ಚರಂಡಿಗೆ ಚೆಲ್ಲದೆ, ಹಳೆಯ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜುಗಳಿಗೆ ತಲುಪಿಸಲಾಗುತ್ತದೆ.